ಹೆರಿಯಣ್ಣನ ಸೊಂಟಪಟ್ಟಿಯೂ ಅಳಿವೆಯ ತಾಟೆಗಳೂ

"ಎಲ್ಲರೂ ಸ್ವಲ್ಪ ಹಿಂದೆ ನಿಂತ್ಕಣಿ! ಯಂತ್ರ ಶುರು ಮಾಡ್ತೆ!"

ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಹೆರಿಯಣ್ಣ ಹೀಗೆ ಕೂಗಿದಾಗ ದಂಡೆಯ ಮೇಲಿದ್ದ ಆ "ಎಲ್ಲರೂ" ಅಂದರೆ ಅವನ ಹೆಂಡತಿ ಗುಲಾಬಿ ಮತ್ತು ಮನೆಯ ಹುಂಜ. ಗುಲಾಬಿ ಕದಲಲಿಲ್ಲ. ಹುಂಜ ಮಾತ್ರ ಹೇಳಿದ ಕೂಡಲೇ ಹಿಂದೆ ಸರಿದು ತೆಂಗಿನ ಬುಡದ ಮರೆಯಲ್ಲಿ ನಿಂತಿತು. ಹೆರಿಯಣ್ಣನ ಸಂಶೋಧನೆಗಳಿಂದ ಅದು ಅನುಭವಿಸಿದಷ್ಟು ಗುಲಾಬಿಯೂ ಅನುಭವಿಸಿರಲಿಲ್ಲ. ಅದರ ಬಾಲದಲ್ಲಿ ಈಗ ಉಳಿದದ್ದು ಒಂದೇ ಪುಕ್ಕ.

ಮಿಕ್ಕ ಪುಕ್ಕಗಳೆಲ್ಲ ಹೆರಿಯಣ್ಣನ ಗಾಳಕ್ಕೆ ಹೋಗಿದ್ದವು. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಬಾಯಲ್ಲೇ ಇರುವ ಪುಟ್ಟ ನಡುಗಡ್ಡೆ ಈ ಕಾಗೆಕುದ್ರು. ಸೇತುವೆ ಇಲ್ಲ, ರಸ್ತೆ ಇಲ್ಲ. ಎಲ್ಲಿಗೆ ಹೋಗುವುದಾದರೂ ಶೀನನ ದೋಣಿಯೇ ಗತಿ. ಆಚೆ ದಡದ ಐಸ್ ಪ್ಲಾಂಟಿನಲ್ಲಿ ಜೀವಮಾನವೆಲ್ಲ ಮೋಟರು ಬಿಚ್ಚಿ ಜೋಡಿಸಿದ ಹೆರಿಯಣ್ಣ ನಿವೃತ್ತನಾಗಿ ಮನೆಗೆ ಬಂದ ಮೇಲೆ ಅವನ ಕೈ ಸುಮ್ಮನೆ ಕೂರಲಿಲ್ಲ. ಮೊದಲು ತೆಂಗಿನಕಾಯಿ ತುರಿಯುವ ಯಂತ್ರ ಮಾಡಿದ. ಅದು ಕಾಯಿಯನ್ನು ಬಿಟ್ಟು ಅಡುಗೆಮನೆಯ ಗೋಡೆಯನ್ನು ತುರಿಯಿತು. ಆಮೇಲೆ ಗಾಳದ ಹುಚ್ಚು ಹಿಡಿಯಿತು. ಎರೆಹುಳ, ಸಿಗಡಿ ಸಿಕ್ಕಿಸುವುದೆಲ್ಲ ಹಳೆಯ ಕಾಲದ್ದಂತೆ! ಕೊಕ್ಕೆಗೆ ಹುಂಜದ ಪುಕ್ಕವನ್ನು ನೂಲಿನಿಂದ ಸುತ್ತಿ, ಸಿಗಡಿಯ ಹಾಗೆ ಕಾಣಿಸುವಂತೆ ಮಾಡಿ, ಇಳಿತದ ಹೊತ್ತಿನಲ್ಲಿ ನೀರಿಗಿಳಿದು, ಉದ್ದದ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ ಬೀಸಿ ಎಸೆಯುವುದು. ಹಿಂದಕ್ಕೆ ಬೀಸಿದಾಗ ಗುಲಾಬಿ ಒಣಹಾಕಿದ ಸೀರೆ ಸಿಕ್ಕುತ್ತಿತ್ತು. ಮುಂದಕ್ಕೆ ಬೀಸಿದಾಗ, ನಿಜ ಹೇಳಬೇಕೆಂದರೆ, ಮೀನೂ ಸಿಕ್ಕುತ್ತಿತ್ತು.

ಸಿಕ್ಕಿದ ಮೀನು ಮನೆ ಮುಟ್ಟುತ್ತಿರಲಿಲ್ಲ ಅಷ್ಟೆ. ಅಳಿವೆಯ ಆ ತೆಳುನೀರಿಗೆ ತಾಟೆಗಳು ಬರುತ್ತಿದ್ದವು. ಪೇಟೆಯವರು ಶಾರ್ಕು ಎನ್ನುವುದು ಇದನ್ನೇ. ಇಲ್ಲಿಗೆ ಬರುವುದು ಮೊಣಕೈಯುದ್ದದ ಮರಿಗಳು, ಹೆಚ್ಚೆಂದರೆ ಒಂದು ಗಜದವು. ಮನುಷ್ಯರಿಗೆ ಏನೂ ಮಾಡುವುದಿಲ್ಲ. ಆದರೆ ಗಾಳಕ್ಕೆ ಬಿದ್ದ ಮೀನು ಒದ್ದಾಡುವುದು ತಿಳಿದ ಕೂಡಲೇ ಬಂದು ಕುತ್ತಿಗೆಯಿಂದ ಕೆಳಗಿನದನ್ನು ಚೊಕ್ಕವಾಗಿ ಕತ್ತರಿಸಿಕೊಂಡು ಹೋಗುತ್ತಿದ್ದವು. ಹೆರಿಯಣ್ಣ ಹೆಮ್ಮೆಯಿಂದ ದಾರ ಸುತ್ತಿದರೆ ಕೊನೆಯಲ್ಲಿ ಒಂದು ತಲೆ, ಎರಡು ಕಣ್ಣು. ಮನೆಯಲ್ಲಿ ದಿನಾ ತಲೆಯ ಸಾರು. ಅಪ್ಪಿತಪ್ಪಿ ಇಡೀ ಮೀನು ಸಿಕ್ಕಿದರೆ ಅದನ್ನು ಹುರಿಯಲ್ಲಿ ಪೋಣಿಸಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಆಗ ತಾಟೆಗಳು ಅವನ ಹಿಂದೆಯೇ ಬರುತ್ತಿದ್ದವು.

"ಮೀನ್ ಸೊಂಟಕ್ಕೆ ಕಟ್ಕಂಡ್ ನೀರಂಗೆ ತಿರ್ಗಿದ್ರೆ ತಾಟೆ ಬರ್ದೆ ಪುರೋಹಿತ್ರ್ ಬತ್ರಾ? ಸಿಕ್ಕಿದ್ ಮೀನ್ ದಡಕ್ಕೆ ಬಿಸಾಕಿ, ಆಯ್ತಲೆ!" ಎಂದು ಗುಲಾಬಿ ಎಷ್ಟೋ ಸಲ ಹೇಳಿದ್ದಳು.

"ಅದ್ ಉಪಾಯ. ವಿಜ್ಞಾನ ಅಲ್ಲ" ಎಂದಿದ್ದ ಹೆರಿಯಣ್ಣ.

ಆ ವಿಜ್ಞಾನ ಈಗ ಅವನ ಸೊಂಟದಲ್ಲಿತ್ತು. ಐಸ್ ಪ್ಲಾಂಟಿನ ಮೋಟರಿನ ಹಳೆಯ ರಬ್ಬರು ಪಟ್ಟಿ; ಅದಕ್ಕೆ ಮುಂದೆ ಒಂದು ಅಲ್ಯುಮಿನಿಯಂ ಊಟದ ಡಬ್ಬಿ; ಡಬ್ಬಿಯೊಳಗೆ ಸ್ಕೂಟರಿನ ಬ್ಯಾಟರಿ ಮತ್ತು ದೇವರೇ ಬಲ್ಲ ಇನ್ನೇನೇನೋ; ಎರಡು ತಾಮ್ರದ ತಗಡುಗಳು ತೊಡೆಯ ಎರಡೂ ಬದಿ ನೀರಿಗೆ ಇಳಿಬಿದ್ದಿದ್ದವು. ಪಟ್ಟಿಗೆ ಬಕಲು ಇರಲಿಲ್ಲ. ಬೆನ್ನಿನ ಹಿಂದೆ ಬೋಲ್ಟು ಹಾಕಿ ನಟ್ಟು ಬಿಗಿದಿತ್ತು. ಐಸ್ ಪ್ಲಾಂಟಿನಲ್ಲಿ ಕಲಿತವರು ಯಾವುದನ್ನೂ ಗಂಟು ಹಾಕುವುದಿಲ್ಲ, ಬಕಲು ಹಾಕುವುದಿಲ್ಲ, ಎಲ್ಲಕ್ಕೂ ಬೋಲ್ಟೇ. ಆ ನಟ್ಟನ್ನು ಬಿಗಿದುಕೊಟ್ಟವಳು ಗುಲಾಬಿಯೇ.

"ತಾಟೆ ಮೂತಿಯಂಗೆ ಸಣ್ ಸಣ್ ತೂತ್ ಇರ್ತ್. ಅದ್ರಂಗೆ ಅದಕ್ಕೆ ಕರೆಂಟ್ ತಿಳಿತ್ತ್. ಮೀನ್ ಒದ್ದಾಡ್ದ್ ಅದಕ್ಕೆ ಗೊತ್ತಾಪ್ದೇ ಹಾಂಗೆ. ನಾನ್ ಈಗ ಅದಕ್ಕೆ ಹೇಸ್ಗಿ ಆಪು ಅಂತ ಕರೆಂಟ್ ಬಿಡ್ತೆ. ಕಾಣ್!"

ಗುಂಡಿ ತಿರುಗಿಸಿದ. ಡಬ್ಬಿ "ಗುಂಯ್ಯ್..." ಎಂದಿತು. ಐಸ್ ಪ್ಲಾಂಟಿನ ಮೋಟರಿನದೇ ಸದ್ದು, ಮೆಲ್ಲಗೆ ಅಷ್ಟೆ. ಅವನ ಸುತ್ತ ಓಡಾಡುತ್ತಿದ್ದ ತಾಟೆಗಳ ಬೆನ್ನಿನ ರೆಕ್ಕೆಗಳು ಒಮ್ಮೆ ನಿಂತವು. ಆಮೇಲೆ ಒಂದೂ ಬಿಡದೆ ತಿರುಗಿ, ಗಂಟೆ ಹೊಡೆದ ಮೇಲೆ ಶಾಲೆಯ ಮಕ್ಕಳು ಓಡುವ ಹಾಗೆ ಸಮುದ್ರದ ಕಡೆ ಓಡಿದವು!

ಹೆರಿಯಣ್ಣ ಗಾಳ ಬೀಸಿದ. ಒಂದು ಒಳ್ಳೆಯ ಕಾಣೆ ಮೀನು ಬಿತ್ತು. ಎಳೆದ. ತಲೆ ಬಂತು, ಹೊಟ್ಟೆ ಬಂತು, ಬಾಲವೂ ಬಂತು.

"ಇಡೀ ಮೀನ್! ಗುಲಾಬಿ, ಇಡೀ ಮೀನ್!"

"ಕಂಡೆ. ಅಷ್ಟೂ ತಾಟೆ ಓಡ್ಸಿದ್ರಿ" ಎಂದಳು ಗುಲಾಬಿ, ಸೊಂಟದ ಮೇಲೆ ಕೈಯಿಟ್ಟು. "ಎಂಟ್ ದಿನದಿಂದ ಒಂದ್ ಮರಿ ತಾಟೆ ಹಿಡ್ದ್ ಕೊಡಿ ಅಂದ್ಹೇಳಿ ಬಡ್ಕಂಡೆ. ಬಾಳಂತಿಗೆ ಈಗ ಎಂತ ಬೇಯ್ಸುದ್, ನಿಮ್ಮ ಡಬ್ಬಿಯಾ?"

ಹೆರಿಯಣ್ಣನ ಮುಖ ಸ್ವಲ್ಪ ಇಳಿಯಿತು. ಈ ವಿಷಯ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ನೆನಪಿರಬೇಕೆಂದೇನೂ ಇಲ್ಲವಲ್ಲ.

"ತಾಟೆ ಪ್ಯಾಟಿಯಂಗೂ ಸಿಕ್ಕತ್ತ್ ಮಾರಾಯ್ತಿ" ಎಂದ. "ಅದೆಂತ ದೊಡ್ ಕೆಲ್ಸ?"

*

ಮಗಳು ವನಜ ಚೊಚ್ಚಲ ಬಾಣಂತಿ. ಹೆಣ್ಣುಮಗು ಹುಟ್ಟಿದೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಮೂರು ತಿಂಗಳು ತಾಯಿಯ ಕೈಯಲ್ಲೇ ಇರಬೇಕು, ಇದು ಪದ್ಧತಿ. ಬಾಣಂತಿಗೆ ಮರಿ ತಾಟೆಯನ್ನು ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬೇಯಿಸಿ ಕೊಡಬೇಕು, ಹಾಗೆ ಕೊಟ್ಟರೆ ಎದೆಹಾಲು ಹೆಚ್ಚುತ್ತದೆ; ಇದೂ ಪದ್ಧತಿ. ತಾಟೆ ತಿನ್ನಿಸದೆ ಬಾಣಂತನ ಮಾಡಿದ ಮನೆಯನ್ನು ಈ ಕಡೆ ಮನೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಗು ಹುಟ್ಟಿದಂದಿನಿಂದ ಒಂದೇ ಸಮ ಅಳುತ್ತಿತ್ತು. ಎತ್ತಿಕೊಂಡರೂ ಅಳು, ತೂಗಿದರೂ ಅಳು. ಆದರೂ ಗುಲಾಬಿಗೆ ಆ ಅಳು ಬೇಕಿತ್ತು. ವನಜ ಮದುವೆಯಾಗಿ ಹೋದ ಮೇಲೆ ಈ ಮನೆಯಲ್ಲಿ ಕೇಳುತ್ತಿದ್ದದ್ದು ಗಂಡನ ಸುತ್ತಿಗೆಯ ಸದ್ದೊಂದೇ. ಈಗ ಹಗ್ಗದ ತುಂಬ ಪುಟ್ಟ ಪುಟ್ಟ ಬಟ್ಟೆ. ಮಗುವಿನ ತಲೆಯ ವಾಸನೆ ಮೂಸಿದರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಮೂರು ತಿಂಗಳು ಅವಳ ಪಾಲಿನದು. ಅದರಲ್ಲಿ ಒಂದು ದಿನವನ್ನೂ ಅವಳು ಯಾರಿಗೂ ಬಿಡುವವಳಲ್ಲ.

ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದು ದೋಣಿಕಟ್ಟೆಗೆ ಹೋದಳು. ದೋಣಿ ನಡೆಸುವ ಶೀನನೇ ಕುದ್ರುವಿನವರೆಲ್ಲ ಸೇರಿ ದಡದಿಂದ ಎಳೆಯುವ ಕೈರಂಪಣಿ ಬಲೆಗೂ ಯಜಮಾನ. ಅವನು ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡು ಕೂತಿದ್ದ.

"ಶೀನ, ಒಂದ್ ಮರಿ ತಾಟೆ ಇತ್ತಾ?"

"ತಾಟೆಯಾ? ಗುಲಾಬಕ್ಕ, ಎಂತ ಆಯ್ತೋ ಗೊತ್ತಿಲ್ಲೆ. ನಿನ್ನೆ ಮಧ್ಯಾಹ್ನದಿಂದ ಅಳಿವೆಯಂಗೆ ಹುಡ್ಕಿರೂ ಒಂದ್ ತಾಟೆ ಇಲ್ಲೆ. ಆಚಿ ದಡದ ದೋಣಿಯವ್ರಿಗೂ ಇಲ್ಲೆ. ಎಲ್ಲ ಒಟ್ಟಿಗೆ ಎಲ್ಲೋ ಮದಿಗೆ ಹೋದಾಂಗಿತ್ತ್."

ಗುಲಾಬಿಗೆ ಎಲ್ಲ ಗೊತ್ತಿತ್ತು. ಆದರೆ ಗಂಡನ ಮಾನ ಮನೆಯ ಹೊರಗೆ ಕಳೆಯಬಾರದೆಂದು ಸುಮ್ಮನಿದ್ದಳು. ಮನೆಯ ಒಳಗೆ ಕಳೆಯಲು ಬೇಕಾದಷ್ಟು ಸಮಯ ಇತ್ತು.

ಅಷ್ಟರಲ್ಲಿ ದೋಣಿಯಿಂದ ಇನ್ನೊಂದು ದನಿ ಕೇಳಿತು. "ಎಂತ ಗುಲಾಬಕ್ಕ, ಬುಟ್ಟಿ ಖಾಲಿಯೇ ಇತ್ತಲೆ?"

ವನಜಳ ಅತ್ತೆ ಮೂಕಾಂಬು! ತೊಟ್ಟಿಲು ಹಾಕುವುದು ನಾಳೆಗಿತ್ತು, ಇವಳು ಇಂದೇ ಇಳಿದಿದ್ದಳು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಬಾಳೆಗೊನೆ, ಕಣ್ಣು ಗುಲಾಬಿಯ ಬುಟ್ಟಿಯ ತಳದಲ್ಲಿ.

"ಬನ್ನಿ ಮೂಕಾಂಬಕ್ಕ, ಬನ್ನಿ" ಎಂದಳು ಗುಲಾಬಿ, ಮುಖದಲ್ಲಿ ಬಂದಷ್ಟು ನಗು ತಂದುಕೊಂಡು.

ಮನೆಗೆ ಬಂದು, ಕಾಲು ತೊಳೆದು, ಅಳುವ ಮೊಮ್ಮಗಳನ್ನು ಎತ್ತಿಕೊಂಡು, ಮೂಕಾಂಬು ಮೊದಲು ಕೇಳಿದ್ದೇ ಅದು. "ವನಜ, ತಾಟೆ ತಿಂದ್ಯಾ?"

ವನಜ ತಾಯಿಯ ಮುಖ ನೋಡಿದಳು. ತಾಯಿ ತಂದೆಯ ಮುಖ ನೋಡಿದಳು. ತಂದೆ ಸೂರು ನೋಡಿದ.

"ಇನ್ನೂ ಇಲ್ಯಾ? ಅದಕ್ಕೇ ಮಗು ಹೀಂಗ್ ಹೊಯ್ಕಂತಿತ್ತ್! ಸಮುದ್ರದ ಬಾಯಂಗೇ ಮನಿ ಕಟ್ಕಂಡ್ ಕೂತೂ ಬಾಳಂತಿಗೆ ಒಂದ್ ತಾಟೆ ಇಲ್ಲೆ ಅಂದ್ರೆ! ಕಾಣಿ ಗುಲಾಬಕ್ಕ, ನಾನ್ ಜಗಳ ಮಾಡುಕೆ ಬಂದವ್ಳಲ್ಲ. ನಾಳೆ ತೊಟ್ಲು ಹಾಕು ಊಟಕ್ಕೆ ಬಾಳಂತಿ ಎಲಿಗೆ ತಾಟೆ ಬಿದ್ರೆ ಸರಿ. ಬೀಳ್ದೆ ಇದ್ರೆ, ನಾಳೆ ಸಾಯಂಕಾಲವೇ ಅಬ್ಬೆ ಮಗು ಇಬ್ರನ್ನೂ ನಮ್ಮ ಮನಿಗೆ ಕರ್ಕಂಡ್ ಹೋತೆ. ಅಲ್ಲಿ ನಾನೇ ಬಾಳಂತನ ಮಾಡ್ತೆ."

ಗುಲಾಬಿ ಗಂಡನ ರಟ್ಟೆ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

"ಹ್ವಾಯ್. ಓಡ್ಸಿದವ್ರ್ ಕರ್ಸಿ."

"ಎಂತದನ್ನ್?"

"ತಾಟೆಯನ್ನ್! ನಾಳೆ ಒಳಗೆ ತಾಟೆ ಬರ್ಲಿಲ್ಲೆ ಅಂದ್ರೆ ಮಗು ಹೋತ್ತ್. ಮಗು ಹೋಯ್ತ್ ಅಂದ್ರೆ ಈ ಮನಿಯಂಗೆ ಒಂದೋ ನಾನಿಪ್ಪುದ್, ಇಲ್ಲಾ ನಿಮ್ಮ ಸ್ಕ್ರೂಡ್ರೈವರ್ ಇಪ್ಪುದ್."

ಹೆರಿಯಣ್ಣ ಒಂದು ಗಳಿಗೆ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು. ಅದನ್ನು ಕಂಡು ಹುಂಜ ಮತ್ತೆ ತೆಂಗಿನ ಮರೆಗೆ ಹೋಯಿತು.

"ಸಣ್ ಕೆಲ್ಸ! ಎರಡ್ ವಯರ್ ಅತ್ಲಾಗಿಂದ್ ಇತ್ಲಾಗ್ ಮಾಡ್ರೆ ಮುಗೀತ್. ಹೇಸ್ಗಿ ಕರೆಂಟ್ ಹೋಯಿ ಪ್ರೀತಿ ಕರೆಂಟ್ ಆತ್ತ್!"

ಮದುವೆಯಾದಂದಿನಿಂದ ಗುಲಾಬಿ ಅವನ ಬಾಯಲ್ಲಿ ಕೇಳಿದ್ದು ಇದೊಂದೇ ಮಾತು. ಗೋಡೆ ತುರಿಯುವ ಮೊದಲೂ "ಸಣ್ ಕೆಲ್ಸ" ಎಂದಿದ್ದ. ಆಗದು ಎಂಬ ಮಾತು ಅವನ ನಾಲಿಗೆಗೆ ಬಂದದ್ದೇ ಇಲ್ಲ.

*

ಆ ಮಧ್ಯಾಹ್ನದ ಇಳಿತಕ್ಕೆ ಹೆರಿಯಣ್ಣ ಮತ್ತೆ ನೀರಿಗಿಳಿದ. ಸೊಂಟದಲ್ಲಿ ಯಂತ್ರ, ಕೈಯಲ್ಲಿ ಗಾಳದ ಕೋಲು, ಕೊಕ್ಕೆಯಲ್ಲಿ ಹುಂಜದ ಕೊನೆಯ ಪುಕ್ಕ. ದಂಡೆಯಲ್ಲಿ ಗುಲಾಬಿ ಬುಟ್ಟಿ, ಕತ್ತಿ ಹಿಡಿದು ನಿಂತಳು.

"ಸ್ವಿಚ್ಚ್ ಎಲ್ಲಿತ್ತ್?" ಎಂದು ಕೇಳಿದಳು. ಡಬ್ಬಿಯ ಮೇಲಿದ್ದ ಗುಂಡಿ ಈಗ ಕಾಣಿಸುತ್ತಿರಲಿಲ್ಲ.

"ವಯರ್ ತಿರ್ಗ್ಸುಕೆ ಅಡ್ಡ ಬಂತ್. ತೆಗ್ದೆ."

"ಹಾಂಗಾರೆ ಬಂದ್ ಮಾಡುದ್ ಹ್ಯಾಂಗೆ?"

"ಮೊದ್ಲ್ ಶುರು ಆಯ್ಲಿ ಮಾರಾಯ್ತಿ!"

ಯಂತ್ರ "ಗುಂಯ್ಯ್" ಎಂದಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಹೆರಿಯಣ್ಣ ಗಾಳ ಬೀಸಿದ. ದೂರದಲ್ಲಿ ಒಂದು ಬೆನ್ನುರೆಕ್ಕೆ ಕಂಡಿತು. ಆಮೇಲೆ ಇನ್ನೊಂದು. ಆಮೇಲೆ ಅಳಿವೆಯ ಬಾಯಿ ತುಂಬ ರೆಕ್ಕೆಗಳೇ! ಓಡಿಹೋದ ತಾಟೆಗಳು ತಮ್ಮ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬಂದಿದ್ದವು.

ಅವು ಕಚ್ಚಲಿಲ್ಲ. ಗಾಳದ ಕಡೆ ತಿರುಗಿಯೂ ನೋಡಲಿಲ್ಲ. ಬಂದು ಹೆರಿಯಣ್ಣನ ಸುತ್ತ ಸುತ್ತಿ, ಅವನ ತೊಡೆಗೆ, ಡಬ್ಬಿಗೆ, ತಾಮ್ರದ ತಗಡಿಗೆ ಮೂತಿ ಉಜ್ಜಿ ನಿಂತವು. ಹಾಲು ಕುಡಿದ ಕರು ಮೈಗೆ ತಲೆ ಒತ್ತುತ್ತದಲ್ಲ, ಹಾಗೆ. ಹಿಂದಿನವು ಮುಂದಿನವನ್ನು ತಳ್ಳಿ ತಮ್ಮ ಸರದಿಗೆ ಕಾದವು.

"ಕಂಡ್ಯಾ? ಪ್ರೀತಿ ಕರೆಂಟ್!" ಎಂದು ಹೆರಿಯಣ್ಣ ಕೂಗಿದ.

"ಕಂಡೆ! ಒಂದನ್ನ್ ಎತ್ತಿ ಇತ್ಲಾಗ್ ಬಿಸಾಕಿ!"

ಹೆರಿಯಣ್ಣ ಬಗ್ಗಲು ನೋಡಿದ. ಬಗ್ಗಲು ಜಾಗವಿರಲಿಲ್ಲ. ಕಾಲು ಎತ್ತಲು ನೋಡಿದ. ಕಾಲಿನ ಮೇಲೆ ಎರಡು ತಾಟೆ ಮಲಗಿದ್ದವು. ದಡದ ಕಡೆ ಹೆಜ್ಜೆ ಹಾಕಲು ಹೋದರೆ ಇಡೀ ಗುಂಪು ಪ್ರೀತಿಯಿಂದ ಅವನನ್ನು ಹಿಂದಕ್ಕೆ ಒತ್ತಿತು. ಅಷ್ಟರಲ್ಲಿ ಇಳಿತ ಮುಗಿದು ಭರತ ಶುರುವಾಯಿತು. ನೀರು ಮೊಣಕಾಲಿನಿಂದ ತೊಡೆಗೆ ಬಂತು.

"ಪಟ್ಟಿ ಬಿಚ್ಚಿ ಬಿಸಾಕಿ!" ಎಂದು ಗುಲಾಬಿ ಕಿರುಚಿದಳು.

"ನಟ್ಟ್ ಹಿಂದಿತ್ತ್! ಕೈ ಎಟ್ಕುದಿಲ್ಲೆ!"

ಗುಲಾಬಿ ಕತ್ತಿ ಬಿಸಾಡಿ ಶೀನನನ್ನು ಕೂಗಿದಳು. ಶೀನ ಓಡಿ ಬಂದ. ನೀರನ್ನು ನೋಡಿದ. ತಾಟೆಗಳನ್ನು ನೋಡಿದ. ಅವನ ಬಾಯಿಂದ ಬೀಡಿ ಬಿತ್ತು. ಮನುಷ್ಯನೊಬ್ಬ ಕಷ್ಟದಲ್ಲಿದ್ದಾನೆಂದು ಅವನಿಗೆ ತಿಳಿದದ್ದು ಆಮೇಲೆ.

"ಬಲಿ ತನ್ನಿ! ಬಲಿ ತನ್ನಿ!" ಎಂದು ಕುದ್ರುವಿಗೆಲ್ಲ ಕೇಳುವಂತೆ ಕೂಗಿದ.

ಕೈರಂಪಣಿ ಬಲೆ ಬಂತು. ದೋಣಿಯಲ್ಲಿ ಹೋಗಿ ಹೆರಿಯಣ್ಣನ ಸುತ್ತ ದೊಡ್ಡದಾಗಿ ಬಲೆ ಬಿಟ್ಟು, ಎರಡೂ ಬದಿಯ ಹಗ್ಗವನ್ನು ದಡಕ್ಕೆ ತಂದರು. ಈ ಬಲೆಗೆ ಒಂದು ಕಟ್ಟಳೆ ಇದೆ: ಹಗ್ಗಕ್ಕೆ ಕೈಹಾಕಿ ಎಳೆದವರಿಗೆಲ್ಲ ಮೀನಿನಲ್ಲಿ ಪಾಲು. ದಾರಿಯಲ್ಲಿ ಹೋಗುವವನು ಎಳೆದರೂ ಪಾಲು. ಗುಲಾಬಿ ಸೆರಗು ಸಿಕ್ಕಿಸಿ ಹಗ್ಗ ಹಿಡಿದಳು. ಗಂಡನ ಎದೆಮಟ್ಟಕ್ಕೆ ನೀರು ಬಂದಿತ್ತು. ಅವನು ಗಾಳದ ಕೋಲನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಅವಳಿಗೆ ಕಣ್ಣಲ್ಲಿ ನೀರು ಬಂತು. ಸಿಟ್ಟೂ ಬಂತು. ಎರಡೂ ಸೇರಿ ಎಳೆಯುವ ಶಕ್ತಿ ಬಂತು.

ಗಲಾಟೆ ಕೇಳಿ ಮೂಕಾಂಬೂ ಬಂದಳು. ಒಂದು ಗಳಿಗೆ ಮೂಗಿನ ಮೇಲೆ ಬೆರಳಿಟ್ಟು ನಿಂತಳು. ಪಾಲು ಸಿಗುವ ಕಡೆ ಸುಮ್ಮನೆ ನಿಲ್ಲುವುದು ಅವಳಿಂದ ಆಗಲಿಲ್ಲ. ಅವಳೂ ಹಗ್ಗಕ್ಕೆ ಕೈಹಾಕಿದಳು.

"ಎಳೀರಿ! ಹೋ ಹೋಯ್! ಎಳೀರಿ!"

ಬಲೆ ದಡಕ್ಕೆ ಬಂತು. ಒಳಗೆ ತಾಟೆಗಳ ರಾಶಿ, ರಾಶಿಯ ನಡುವೆ ಹೆರಿಯಣ್ಣ. ಕೋಲಿನ ತುದಿಯಲ್ಲಿ ಹುಂಜದ ಪುಕ್ಕ ಹಾಗೇ ಇತ್ತು.

ಶೀನ ಬೇಗ ಬೇಗ ಪಾಲು ಹಾಕಿದ. ಪಾಲಿಗೆ ಬೇಕಾದಷ್ಟು ಇಟ್ಟು ಮಿಕ್ಕ ತಾಟೆಗಳನ್ನು ಜೀವ ಹೋಗುವ ಮೊದಲೇ ನೀರಿಗೆ ಬಿಟ್ಟ. ಗುಲಾಬಿಗೆ ಒಂದು ಒಳ್ಳೆಯ ಮರಿ ತಾಟೆ. ಮೂಕಾಂಬುಗೆ ಒಂದು. ಹೆರಿಯಣ್ಣ ಮೈ ಒರೆಸಿಕೊಳ್ಳುತ್ತ ಬಂದು ಕೈಚಾಚಿದ.

"ನನ್ನ ಪಾಲ್?"

"ನಿಮಗೆಂತ ಪಾಲ್?" ಎಂದ ಶೀನ.

"ಎಂತ ಪಾಲಾ? ಇಷ್ಟ್ ತಾಟೆ ಬಂದದ್ದೇ ನನ್ನ ಯಂತ್ರದಿಂದ!"

"ಹೆರಿಯಣ್ಣ, ಕಟ್ಟಳಿ ಕಟ್ಟಳಿಯೇ. ಹಗ್ಗ ಎಳೆದವ್ರಿಗೆ ಪಾಲ್. ನೀವ್ ಹಗ್ಗ ಎಳಿಲಿಲ್ಲೆ. ಬಲಿ ಒಳಗಿದ್ರಿ. ಬಲಿ ಒಳಗಿದ್ದದ್ ಮೀನ್. ಮೀನಿಗೆ ಎಲ್ಲಾದ್ರೂ ಪಾಲ್ ಕೊಟ್ಟದ್ ಇತ್ತಾ?"

ಹೆರಿಯಣ್ಣ ವಾದಕ್ಕೆ ಬಾಯಿ ತೆರೆದ. ಗುಲಾಬಿ ಅವನ ತೋಳು ಹಿಡಿದಳು. "ಶೀನ ಹೇಳುದ್ ಸರಿ. ಹಗ್ಗ ಎಳೆದ್ದಕ್ಕೆ ಇವ್ರೂ ನನ್ನ ಪಾಲಿಗೇ ಬಂದ್ರ್. ನಡೀರಿ ಮನಿಗೆ."

*

ಮನೆಯಲ್ಲಿ ಸ್ಪ್ಯಾನರು ತಂದು ಬೆನ್ನಿನ ನಟ್ಟಿಗೆ ಹಾಕಿದರೆ ನಟ್ಟು ಅಲ್ಲಾಡಲಿಲ್ಲ. ಶೀನ ಬಂದು ತಿರುಗಿಸಿದ; ನಟ್ಟಿನ ಬದಲು ಹೆರಿಯಣ್ಣನೇ ತಿರುಗಿದ. ಉಪ್ಪುನೀರು, ಕಬ್ಬಿಣ, ಕರೆಂಟು ಮೂರೂ ಸೇರಿ ವರ್ಷದ ತುಕ್ಕನ್ನು ಒಂದೇ ಮಧ್ಯಾಹ್ನದಲ್ಲಿ ಹಿಡಿಸಿದ್ದವು. ಪಟ್ಟಿ ಕತ್ತರಿಸೋಣ ಎಂದರೆ ಅದರೊಳಗೆ ಉಕ್ಕಿನ ತಂತಿ. ಗರಗಸ ಹಾಕಿದರೆ ಪಟ್ಟಿಗಿಂತ ಮೊದಲು ಹೊಟ್ಟೆ ತುಂಡಾಗುತ್ತಿತ್ತು.

"ಇರ್ಲಿ ಬಿಡಿ" ಎಂದ ಹೆರಿಯಣ್ಣ. "ಬ್ಯಾಟ್ರಿ ಮುಗ್ದ್ ಮೇಲೆ ತನ್ನಿಂದ ತಾನೇ ನಿಲ್ಲತ್ತ್."

ಬ್ಯಾಟರಿ ಮುಗಿಯಲಿಲ್ಲ. ಡಬ್ಬಿಯೊಳಗೆ ಉಪ್ಪುನೀರು ಹೋಗಿ, ತಾಮ್ರಕ್ಕೂ ಅಲ್ಯುಮಿನಿಯಮ್ಮಿಗೂ ನಡುವೆ ತಾನೇ ಕರೆಂಟು ಹುಟ್ಟುತ್ತಿತ್ತು. ಆ ನೀರು ಆರಿದರೆ ನಿಂತೀತು ಎಂದು ಬಿಸಿಲಿಗೆ ಕೂರಿಸಿದರೆ ಹೆರಿಯಣ್ಣ ಬೆವರಿದ. ಬೆವರಿನಲ್ಲೂ ಉಪ್ಪು! ಕರಾವಳಿಯ ಸೆಕೆಯಲ್ಲಿ ಬೆವರದೆ ಇರುವ ಮನುಷ್ಯನನ್ನು ಎಲ್ಲಿಂದ ತರುವುದು? ಯಂತ್ರ ಹೆರಿಯಣ್ಣನ ಮೈಯ ಉಪ್ಪು ತಿಂದು ಗುಂಯ್ಗುಡುತ್ತಲೇ ಇತ್ತು.

ಅವನು ಹಾಗೆ ಗುಂಯ್ಗುಡುತ್ತ ಬಾಣಂತಿಯ ಕೋಣೆಯ ಬಾಗಿಲಿಗೆ ಬಂದ. ಮೊಮ್ಮಗಳು ಎಂದಿನಂತೆ ಕೆಂಪಗಾಗಿ ಅಳುತ್ತಿತ್ತು. ಅಳು ಅರ್ಧಕ್ಕೆ ನಿಂತಿತು. ಮಗು ಕಣ್ಣು ಪಿಳಿಪಿಳಿ ಬಿಟ್ಟು, ಒಂದು ಆಕಳಿಕೆ ತೆಗೆದು, ನಿದ್ದೆ ಹೋಯಿತು!

ಹೆರಿಯಣ್ಣ ಅಂಗಳಕ್ಕೆ ಇಳಿದ. ಮಗು ಎದ್ದು ಅತ್ತಿತು. ಮತ್ತೆ ಬಂದ, ಮಲಗಿತು.

"ನನ್ನನ್ನೂ ನೀವ್ ಹೀಂಗೇ ಮನ್ಗ್ಸಿದ್ದಲ್ದಾ ಅಪ್ಪಯ್ಯ?" ಎಂದಳು ವನಜ ಮೆಲ್ಲಗೆ. "ಐಸ್ ಪ್ಲಾಂಟಿನ ಮೋಟರಿನ ಬದಿಯಂಗೆ, ಗೋಣಿ ಹಾಸಿ."

ಹೆರಿಯಣ್ಣ ಮಗುವಿನ ಪಕ್ಕದಲ್ಲಿ ನೆಲಕ್ಕೆ ಕೂತ.

ಮರುದಿನ ತೊಟ್ಟಿಲು ಹಾಕುವುದು ಚೆನ್ನಾಗಿಯೇ ನಡೆಯಿತು. ಬಾಣಂತಿಯ ಎಲೆಗೆ ತಾಟೆ ಬಿತ್ತು, ಅದೂ ಎರಡೆರಡು ಸಲ. ಮೂಕಾಂಬು ತಾನೂ ಚಪ್ಪರಿಸಿ ತಿಂದು, "ಮೆಣಸ್ ಒಂಚೂರ್ ಕಮ್ಮಿ" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಗುಲಾಬಿ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು.

ಕೈತೊಳೆಯಲು ಮೂಕಾಂಬು ಹಿತ್ತಲಿನ ಹೊಳೆಮೆಟ್ಟಿಲಿಗೆ ಹೋದಳು. ಅಲ್ಲಿಂದ ಒಂದು ಕೂಗು ಬಂತು. ಎಲ್ಲರೂ ಓಡಿದರು. ಭರತದ ನೀರು ಮೆಟ್ಟಿಲಿಗೆ ಬಂದಿತ್ತು. ಕೆಳಗಿನ ಮೆಟ್ಟಿಲಿನ ಉದ್ದಕ್ಕೂ ತಾಟೆಗಳು ಸಾಲಾಗಿ, ಮೂತಿ ಮನೆಯ ಕಡೆ ಮಾಡಿ ನಿಂತಿದ್ದವು. ಹೆರಿಯಣ್ಣನನ್ನು ಕಂಡ ಕೂಡಲೇ ಎಲ್ಲವೂ ಬಾಲ ಆಡಿಸಿದವು.

"ಸಾಕ್! ಹಿತ್ಲಿಗೆ ತಾಟೆ ಬಪ್ಪು ಮನಿಯಂಗೆ ನಮ್ಮ ಮಗು ಇಪ್ಪುಕಾಗ!" ಎಂದಳು ಮೂಕಾಂಬು. "ವನಜ, ಬಟ್ಟಿ ಕಟ್ಟ್. ಈಗಲೇ ಹೊರಡುದ್."

"ತಾಟೆ ಇಲ್ಲೆ ಅಂದ್ಹೇಳಿ ನಿನ್ನೆ ಹೊರಟ್ರಿ. ತಾಟೆ ಇತ್ತ್ ಅಂದ್ಹೇಳಿ ಇವತ್ತ್ ಹೊರಡ್ತ್ರಾ?" ಎಂದಳು ಗುಲಾಬಿ.

"ತಾಟೆ ಎಲಿಯಂಗೆ ಇರ್ಕ್ ಗುಲಾಬಕ್ಕ. ಮೆಟ್ಲಂಗಲ್ಲ."

ಮಾತು ನ್ಯಾಯವಾಗಿಯೇ ಇತ್ತು.

*

ದೋಣಿಕಟ್ಟೆಯಲ್ಲಿ ಶೀನ ಹುಟ್ಟು ಹಿಡಿದ. ಮೂಕಾಂಬು, ವನಜ, ಮಗು, ಸೂಟ್‌ಕೇಸು ಎಲ್ಲ ದೋಣಿಯಲ್ಲಿ. ಗುಲಾಬಿ ಮಗುವಿನ ಒಂದು ಅಂಗಿಯನ್ನು ಮಡಚಿ ಕೊಡುವ ನೆಪದಲ್ಲಿ ಕೈಯಲ್ಲೇ ಹಿಡಿದುಕೊಂಡು ದಡದಲ್ಲಿ ನಿಂತಳು. ಪಕ್ಕದಲ್ಲಿ ಹೆರಿಯಣ್ಣ ಗುಂಯ್ಗುಡುತ್ತಿದ್ದ.

ದೋಣಿ ನಾಲ್ಕು ಮಾರು ಹೋಯಿತು. ಮಗು ಕಣ್ಣು ತೆರೆಯಿತು. ಮತ್ತೆ ಎದ್ದ ಅಳುವಿಗೆ ಆಚೆ ದಡದ ಕೊಕ್ಕರೆಗಳೆಲ್ಲ ಹಾರಿದವು. ಮೂಕಾಂಬು ತೂಗಿದಳು, ಹಾಡಿದಳು, ಬಳೆ ಆಡಿಸಿದಳು. ಮಗು ನೀಲಿಗಟ್ಟುವಂತೆ ಅತ್ತಿತು.

"ತಿರ್ಗ್ಸ್ ಶೀನ, ತಿರ್ಗ್ಸ್!" ಎಂದಳು ಮೂಕಾಂಬು. "ಹೆರಿಯಣ್ಣ, ನೀವೂ ಹತ್ತಿ. ಆಚಿ ದಡದ ತನ್ಕ ಬಂದ್ ಬಿಟ್ಟಿಕ್ ಬನ್ನಿ."

ಹೆರಿಯಣ್ಣ ಹತ್ತಿದ. ಮಗು ಆಕಳಿಸಿ ಮಲಗಿತು. ದೋಣಿಯ ಸುತ್ತ ರೆಕ್ಕೆಗಳು ಎದ್ದವು. ತಾಟೆಗಳು ಎರಡೂ ಬದಿಯಿಂದ ದೋಣಿಗೆ ಮೂತಿ ಒತ್ತಿ ಉಜ್ಜಿದವು. ದೋಣಿ ಮುಂದೆ ಹೋಗದೆ ಇದ್ದಲ್ಲೇ ತೊಟ್ಟಿಲಿನ ಹಾಗೆ ತೂಗಾಡಿತು. ಮಗುವಿಗೆ ಅದೂ ಹಿತವಾಯಿತು. ಶೀನ ಮಾತ್ರ ಹುಟ್ಟನ್ನು ಒಳಗೆ ಹಾಕಿ ದಡಕ್ಕೆ ಹಾರಿದ.

"ಹೆರಿಯಣ್ಣ ಇಳಿದ್ರೆ ದೋಣಿ ಬಿಡ್ತೆ. ಹೆರಿಯಣ್ಣ ಇದ್ರೆ ಬಿಡುದಿಲ್ಲೆ. ನನಗಿಪ್ಪುದ್ ಒಂದೇ ದೋಣಿ!"

ಎಲ್ಲರೂ ಇಳಿದರು. ಮೂಕಾಂಬು ಹೆರಿಯಣ್ಣನ ಎದುರು ನಿಂತು ಸೊಂಟದ ಡಬ್ಬಿಯನ್ನು ದಿಟ್ಟಿಸಿ ನೋಡಿದಳು.

"ಹೆರಿಯಣ್ಣ, ಮೊದ್ಲ್ ಈ ತಾಟೆಯನ್ನೆಲ್ಲ ಓಡ್ಸಿದ್ದ್ ನಾನೇ ಅಂದ್ಹೇಳಿ ನಿನ್ನೆ ನೀವೇ ಹೇಳ್ಕಂಡ್ರಿ. ಹಾಂಗಾರೆ ಈಗ್ಳೂ ಓಡ್ಸಿ. ವಯರೋ ಎಂತದೋ, ಮತ್ತೆ ತಿರ್ಗ್ಸಿ. ನಿಮಗೆ ಅದೆಂತ ದೊಡ್ ಕೆಲ್ಸ?"

ಗುಲಾಬಿ ಡಬ್ಬಿಯನ್ನು ನೋಡಿದಳು. ಎರಡು ವಯರು! ಡಬ್ಬಿಯ ಮುಚ್ಚಳ ತೆಗೆದರೆ ಮುಗಿಯಿತು. ತಾಟೆ ಹೋಗುತ್ತವೆ, ಗುಂಯ್ಗುಟ್ಟುವುದು ಹಾಗೇ ಇರುತ್ತದೆ, ಮಗು ಮಲಗಿಕೊಂಡೇ ಆಚೆ ದಡ ಸೇರುತ್ತದೆ. ಅದನ್ನು ಹೇಳಿಕೊಳ್ಳದೆ ಇರಲು ಈ ಮನುಷ್ಯನಿಂದ ಆದೀತೇ? ಅವನ ಬಾಯಿ ಆಗಲೇ ತೆರೆದಿತ್ತು. "ಸಣ್ ಕೆಲ್ಸ"ದ "ಸ" ಎನ್ನುವುದಕ್ಕೆ ನಾಲಿಗೆ ಹಲ್ಲಿಗೆ ಮುಟ್ಟಿತ್ತು.

ಹೆರಿಯಣ್ಣ ಮಗುವನ್ನು ನೋಡಿದ. ಗುಲಾಬಿಯ ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ನೋಡಿದ. ಬಾಯಿ ಮುಚ್ಚಿ, ಎಂಜಲು ನುಂಗಿ, ಮತ್ತೆ ತೆರೆದ.

"ಇಲ್ಲೆ ಅಕ್ಕ" ಎಂದ. "ಅದ್ ನನ್ನಿಂದ ಆತಿಲ್ಲೆ."

ಗುಲಾಬಿ ಮದುವೆಯಾದಂದಿನಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಮೇಲೆ ಅವಳಿಗೆ ಯಾಕೋ ಅಳುವೇ ಬಂತು. ಅಂಗಿಯಿಂದ ಕಣ್ಣು ಒರೆಸಿಕೊಂಡಳು.

ಮೂಕಾಂಬು ಸೂಟ್‌ಕೇಸಿನ ಮೇಲೆ ಕೂತು ಯೋಚಿಸಿದಳು. ಮಗ, ಎಂದರೆ ವನಜಳ ಗಂಡ, ಮೀನಿಗೆಂದು ಸಮುದ್ರಕ್ಕೆ ಹೋಗಿದ್ದಾನೆ. ಖಾಲಿ ಮನೆಗೆ ಒಬ್ಬಳೇ ಹೋಗಿ ಮಾಡುವುದೇನು? ಮೊಮ್ಮಗಳ ಕಾಲನ್ನು ಒಮ್ಮೆ ಸವರಿದಳು. ಆಮೇಲೆ ಎದ್ದು ಸೂಟ್‌ಕೇಸನ್ನು ಹೆರಿಯಣ್ಣನ ಕೈಗೆ ಕೊಟ್ಟಳು.

"ಹಾಂಗಾರೆ ನಾನೂ ಇಲ್ಲೇ ಇರ್ತೆ. ಮೂರ್ ತಿಂಗ್ಳ್ ತಾನೆ! ಬಾಳಂತನ ಹ್ಯಾಂಗ್ ಮಾಡುದಂದ್ಹೇಳಿ ಗುಲಾಬಕ್ಕನಿಗೂ ಕಲ್ಸಿಕೊಟ್ಟಾಂಗಾಯ್ತ್."

*

ಈಗ ಕಾಗೆಕುದ್ರುವಿನಲ್ಲಿ ಎಲ್ಲವೂ ಒಂದು ಕ್ರಮಕ್ಕೆ ಬಂದಿದೆ. ಹೆರಿಯಣ್ಣ ತೊಟ್ಟಿಲ ಪಕ್ಕದಲ್ಲಿ ಕೂತಿರುತ್ತಾನೆ. ಗಾಳ ಸೂರಿಗೆ ಸಿಕ್ಕಿಸಿದೆ. ಹುಂಜಕ್ಕೆ ಬಾಲ ಮತ್ತೆ ಚಿಗುರುತ್ತಿದೆ. ಭರತ ಬಂದಾಗ ತಾಟೆಗಳು ಮೆಟ್ಟಿಲಿಗೆ ಬಂದು, ಹೆರಿಯಣ್ಣ ಕಿಟಕಿಯಿಂದ ಒಮ್ಮೆ ಮುಖ ತೋರಿಸಿದ ಮೇಲೆ ಹೋಗುತ್ತವೆ. ಮಗು ದುಂಡಗಾಗಿದೆ.

ಮೂಕಾಂಬು ಮುಂಜಾನೆ ಎದ್ದ ಕೂಡಲೇ ನೀರು ಕಾದದ್ದು ಸಾಲದು ಎನ್ನುತ್ತಾಳೆ. ಆಮೇಲೆ ಗಂಜಿಗೆ ಉಪ್ಪು ಹೆಚ್ಚು. ಆಮೇಲೆ ಬೆಳ್ಳುಳ್ಳಿ ಜಜ್ಜಿದ ರೀತಿ ಸರಿಯಿಲ್ಲ. ಮಧ್ಯಾಹ್ನ ಮಲಗಿ ಎದ್ದ ಮೇಲೆ ಬೆಳಿಗ್ಗೆ ಹೇಳಿದ್ದನ್ನೇ ಇನ್ನೊಮ್ಮೆ ಮೊದಲಿನಿಂದ ಹೇಳುತ್ತಾಳೆ.

ಮೊನ್ನೆ ಗುಲಾಬಿ ಗಂಡನಿಗೆ ಗಂಜಿಯ ಬಟ್ಟಲು ತಂದಿಟ್ಟು, ಒಳಗಿನಿಂದ ಬರುತ್ತಿದ್ದ ದನಿಯನ್ನು ಸ್ವಲ್ಪ ಹೊತ್ತು ಕೇಳಿ, ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು.

"ಹ್ವಾಯ್" ಎಂದಳು. "ಆ ಮೊದ್ಲಿನ ಹೇಸ್ಗಿ ಕರೆಂಟಿಗೆ ತಾಟೆ ಮಾತ್ರ ಓಡುದಾ, ಬೇರೆಯವ್ರೂ ಓಡ್ತ್ರಾ?"